ಕ್ಲೀನರ್ ಆಗದೆ ಲಾರಿ ಡ್ರೈವರ್ ಆಗಬಹುದೇ?

ಮೊದಲೆಲ್ಲ ಲಾರಿಯ ಎಡಬಾಗಿಲಲ್ಲಿ ಒಬ್ಬ ಹುಡುಗ ಇದ್ದೇ ಇರುತ್ತಿದ್ದ. ಗಾಜು ಒರೆಸುವವನು, ಟೈರಿಗೆ ಕಲ್ಲು ಕೊಡುವವನು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅಂತ ಕೂಗುವವನು. ಮೂರು ನಾಲ್ಕು ವರ್ಷ ಕಳೆದ ಮೇಲೆ ಅವನೇ ಡ್ರೈವರ್ ಆಗುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಆ ಸೀಟು ಖಾಲಿ. ಡ್ರೈವಿಂಗ್ ಸ್ಕೂಲು, ಲೈಸೆನ್ಸು, ಅಲ್ಲಿಂದ ನೇರ ಸ್ಟೇರಿಂಗು. ಕ್ಲೀನರ್ ಪದ್ಧತಿ ಹೋಗಿದ್ದರಿಂದ ಕಸುಬು ಕೆಟ್ಟಿತಾ? ಹೌದು ಅನ್ನುತ್ತಾರೆ ಮೂವತ್ತು ವರ್ಷ ಲಾರಿ ಓಡಿಸಿದ ಒಬ್ಬರು. ಇಲ್ಲ ಅನ್ನುತ್ತಾರೆ ಒಬ್ಬ ಡ್ರೈವರನ ಮಗಳು.

ಪರ: ಎಡಗಡೆ ಸೀಟೇ ನಮ್ಮ ಶಾಲೆ

ನಾನು ಲಾರಿ ಹತ್ತಿದ್ದು 1989ರಲ್ಲಿ, ಹದಿನೆಂಟನೇ ವಯಸ್ಸಿಗೆ. ಸ್ಟೇರಿಂಗ್ ಕೈಗೆ ಬಂದದ್ದು ನಾಲ್ಕನೇ ವರ್ಷ. ಅಲ್ಲಿಯವರೆಗೆ ನನ್ನ ಜಾಗ ಎಡಗಡೆ ಸೀಟು. ನಮ್ಮದು ಹುಬ್ಬಳ್ಳಿ–ಮಂಗಳೂರು ಲೈನು. ಹೋಗುವಾಗ ಹತ್ತಿ ಇಲ್ಲವೇ ಬ್ಯಾಡಗಿ ಮೆಣಸಿನಕಾಯಿ, ಬರುವಾಗ ಹಂಚು.

ಮೆಣಸಿನಕಾಯಿ ತೂಕ ಕಮ್ಮಿ, ಎತ್ತರ ಜಾಸ್ತಿ. ತಿರುವಿನಲ್ಲಿ ಸ್ವಲ್ಪ ಜೋರಾಗಿ ಎಳೆದರೆ ಮೇಲಿನ ಸಾಲು ವಾಲುತ್ತದೆ. ಹೆದರಿ ಸ್ಟೇರಿಂಗನ್ನು ಇನ್ನೊಂದು ಕಡೆ ಎಳೆದರೆ ಇಡೀ ಲಾರಿ ಮಗುಚುತ್ತದೆ. ಹಂಚು ಹಾಗಲ್ಲ. ಭಾರ ಎಲ್ಲ ಕೆಳಗೆ, ಆದರೆ ಮೈಯೆಲ್ಲ ನಾಜೂಕು. ಹುಲ್ಲು ಹಾಸಿ ಒಂದಕ್ಕೊಂದು ಒತ್ತಿ ನಿಲ್ಲಿಸುತ್ತಿದ್ದೆವು. ಒಂದು ಗುಂಡಿಗೆ ಧಡಕ್ ಅಂತ ಇಳಿಸಿದರೆ ಹಿಂದಿನಿಂದ ಕಟಕಟ ಸದ್ದು. ಹುಬ್ಬಳ್ಳಿಯಲ್ಲಿ ಲೋಡ್ ಇಳಿಸುವಾಗ ಒಡೆದ ಹಂಚು ಎಣಿಸುತ್ತಿದ್ದವನು ನಾನೇ. ಎಣಿಸಿ ಎಣಿಸಿ, ದಾರಿಯ ಯಾವ ಗುಂಡಿಯಲ್ಲಿ ಎಷ್ಟು ಹೋಗಿರಬೇಕು ಅಂತ ಅಂದಾಜು ಹತ್ತಿಬಿಟ್ಟಿತ್ತು. ಮುಂದೆ ನಾನೇ ಓಡಿಸುವಾಗ ಆ ಗುಂಡಿಗಳ ಹತ್ತಿರ ಕಾಲು ತಾನಾಗಿಯೇ ಹಗುರಾಗುತ್ತಿತ್ತು.

ಇನ್ನೊಂದು ಪಾಠ ಅರಬೈಲ್ ಘಟ್ಟದ್ದು. ಮಳೆಗಾಲದ ರಾತ್ರಿ, ಅಂಕೋಲಾ ಕಡೆಯಿಂದ ಹಂಚು ತುಂಬಿಕೊಂಡು ಹತ್ತುತ್ತಿದ್ದೆವು. ಮುಂದೊಂದು ಲಾರಿ ಕೆಟ್ಟು ನಿಂತಿತ್ತು. ‘ಲೇ ತಮ್ಮಾ, ಕಲ್ಲು ಕೊಡಲೇ’ ಅಂತ ಉಸ್ತಾದ್, ಅಂದರೆ ನನಗೆ ಕಸುಬು ಕಲಿಸುತ್ತಿದ್ದ ಡ್ರೈವರ್, ಕೂಗಿದರು. ನಾನು ಹಾರಿ ಹಿಂದಿನ ಟೈರಿಗೆ ಕಲ್ಲು ಒತ್ತಿ ಕೂತೆ. ಲಾರಿ ಮತ್ತೆ ಹೊರಡುವಾಗ ಮೊದಲು ಒಂದು ಗೇಣು ಹಿಂದಕ್ಕೆ ಬರುತ್ತದೆ, ಆಮೇಲೆ ಮುಂದಕ್ಕೆ ಎಳೆಯುತ್ತದೆ. ಆ ಒಂದು ಗೇಣನ್ನು ನಾನು ಟೈರಿನ ಪಕ್ಕ, ನೆಲದ ಮೇಲೆ ಕೂತು ನೋಡಿದ್ದೇನೆ. ಕಲ್ಲು ಟೈರಿನಡಿ ಕಿರ್ರ್ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಲೋಡ್ ಲಾರಿ ಅಂದರೆ ಏನು ಅಂತ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ.

ಇಳಿಯುವುದಕ್ಕೂ ಉಸ್ತಾದರ ಮಾತು ಒಂದೇ ಇತ್ತು. ‘ಯಾವ ಗೇರಿನಾಗ ಹತ್ತತೀಯೋ, ಅದೇ ಗೇರಿನಾಗ ಇಳಿ.’ ಇಂಜಿನ್ನೇ ಲಾರಿಯನ್ನು ಹಿಡಿಯಬೇಕು. ಬ್ರೇಕು ಆಗಾಗ ಒತ್ತಿ ಬಿಡುವುದಕ್ಕೆ ಮಾತ್ರ. ಪೆಡಲ್ ಒತ್ತಿಯೇ ಇಳಿದರೆ ಬ್ರೇಕಿನ ಲೈನರ್ ಕಾದು ಕಾದು ಕೊನೆಗೆ ಹಿಡಿಯುವುದೇ ಇಲ್ಲ.

ಹೋದ ವರ್ಷ ಅದೇ ಘಟ್ಟದ ಬುಡದಲ್ಲಿ ಒಬ್ಬ ಹುಡುಗ ಸಿಕ್ಕ. ಹೊಸ ಲಾರಿ. ಪವರ್ ಸ್ಟೇರಿಂಗ್, ಎಬಿಎಸ್, ಎಲ್ಲ ಇತ್ತು. ಹಿಂದಿನ ಎರಡೂ ಕಡೆ ಟೈರಿನಿಂದ ಹೊಗೆ ಬರುತ್ತಿತ್ತು. ಲೈನರ್ ಸುಟ್ಟ ವಾಸನೆ ದೂರಕ್ಕೇ ಬಡಿಯುತ್ತಿತ್ತು. ‘ಬ್ರೇಕ್ ಹಿಡೀತಾನೇ ಇಲ್ಲ ಅಣ್ಣಾ’ ಅಂದ. ಕೈ ನಡುಗುತ್ತಿತ್ತು. ಯಾವ ಗೇರಲ್ಲಿ ಇಳಿದೆ ಅಂತ ಕೇಳಿದೆ. ಐದನೇದು ಅಂದ. ಲೈಸೆನ್ಸ್ ಸರಿಯಾಗಿತ್ತು, ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಹುಡುಗ ದಡ್ಡನೂ ಅಲ್ಲ. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲು, ಫಾಸ್ಟ್ಯಾಗು, ಡೀಸೆಲ್ ಲೆಕ್ಕ ಎಲ್ಲ ಮೊಬೈಲಲ್ಲೇ ತೋರಿಸಿದ. ಅವನಿಗೆ ಇಳಿಯೋದು ಹೇಳಿಕೊಟ್ಟವರೇ ಇರಲಿಲ್ಲ, ಅಷ್ಟೇ. ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆ ಉರಿಯಿತು.

ಕಾನೂನಿನಲ್ಲಿ ಏನಿದೆ? ಇಪ್ಪತ್ತು ವರ್ಷ ತುಂಬಿರಬೇಕು, ಒಂದು ವರ್ಷದ ಹಿಂದೆಯೇ ಲಘು ವಾಹನದ ಲೈಸೆನ್ಸ್ ಪಡೆದಿರಬೇಕು. ಪರೀಕ್ಷೆ ಮಟ್ಟಸವಾದ ಜಾಗದಲ್ಲಿ, ಖಾಲಿ ಗಾಡಿಯಲ್ಲಿ. 2021ರ ಜುಲೈನಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೂ ನಿಯಮ ಬಂತು. ಅಲ್ಲಿ ಪಾಸಾದವರಿಗೆ ಆರ್‌ಟಿಓದಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸುವ ಕೆಲಸವಿಲ್ಲ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಲೋಡಿನ ಕೆಳಗೆ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಖಾಲಿ ಗಾಡಿ ಕಲಿಸುವುದಿಲ್ಲ.

ಈ ಪದ್ಧತಿ ತಾನಾಗಿ ಸಾಯಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಕಡೆ ಅದನ್ನು ಕೊಂದದ್ದು ಕಬ್ಬಿಣದ ಅದಿರು. ಚೀನಾದಲ್ಲಿ ಬೇಡಿಕೆ ಏರಿದ ಆ ವರ್ಷಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯಿಂದ ಬೇಲೆಕೇರಿ, ಮಂಗಳೂರು ಬಂದರಿಗೆ ಹಗಲು ರಾತ್ರಿ ಲಾರಿ ಸಾಲು. ಸಾಲ ಮಾಡಿ ಲಾರಿ ತಂದವರಿಗೆಲ್ಲ ಡ್ರೈವರ್ ಬೇಕು. ದುಡ್ಡು ಟ್ರಿಪ್ ಲೆಕ್ಕದಲ್ಲಿ. ಆರು ತಿಂಗಳ ಕ್ಲೀನರಿಗೂ ಸ್ಟೇರಿಂಗ್ ಕೊಟ್ಟರು. ಲೋಡ್ ಮಿತಿ ಮೀರಿ, ನಿದ್ದೆ ಇಲ್ಲದೆ ಓಡಿಸಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ರಸ್ತೆ ಬದಿ ತುಕ್ಕು ಹಿಡಿದು ನಿಂತವು. ಡ್ರೈವರುಗಳು ಬೇರೆ ಬೇರೆ ಲೈನಿಗೆ ಚದುರಿದರು. ಆದರೆ ಆಗ ಹತ್ತಿದ ಚಾಳಿ ಹೋಗಲಿಲ್ಲ. ಮಾಲೀಕರಿಗೂ ಒಂದು ಗೊತ್ತಾಗಿತ್ತು, ಕ್ಲೀನರ್ ಇಲ್ಲದೆಯೂ ಲಾರಿ ಓಡುತ್ತದೆ, ಒಬ್ಬನ ಭತ್ಯೆ ಉಳಿಯುತ್ತದೆ ಅಂತ.

ರಸ್ತೆ ಚೆನ್ನಾಗಿ ಆಯಿತು, ನಿಜ. ಶಿರಾಡಿ ಘಾಟಿಯೂ 2015ರಲ್ಲಿ ಒಂದಷ್ಟು, 2018ರಲ್ಲಿ ಇನ್ನಷ್ಟು ಕಾಂಕ್ರೀಟ್ ಆಯಿತು. ಮೊದಲು ಗುಂಡಿಯೇ ವೇಗ ತಗ್ಗಿಸುತ್ತಿತ್ತು, ಈಗ ಡ್ರೈವರನೇ ತಗ್ಗಿಸಬೇಕು. ಹಾಗಾಗಿ ತಿಳಿವಳಿಕೆ ಮೊದಲಿಗಿಂತ ಜಾಸ್ತಿ ಬೇಕು ಅಲ್ವಾ?

ನಾನು ಕೇಳುವುದು ಇಷ್ಟೇ. ಲೈಸೆನ್ಸ್ ಆದ ಮೇಲೂ ಒಂದು ವರ್ಷ ಅನುಭವಸ್ಥನ ಪಕ್ಕ ಕೂರಲಿ. ಹಗ್ಗ ಬಿಗಿಯಲಿ, ರಾಡಿನಿಂದ ಟೈರ್ ತಟ್ಟಿ ಗಾಳಿ ಎಷ್ಟಿದೆ ಅಂತ ಸದ್ದಿನಲ್ಲೇ ಹೇಳುವುದನ್ನು ಕಲಿಯಲಿ. ಒಂದು ಮಳೆಗಾಲವಾದರೂ ಘಟ್ಟ ನೋಡಲಿ.

ವಿರೋಧ: ಅಪ್ಪನ ಎಡಗಾಲು

ನಮ್ಮಪ್ಪನ ಎಡಪಾದದ ಮೇಲೆ ಅಂಗೈಯಗಲದ ಕಪ್ಪು ಕಲೆ ಇದೆ. ಹಳೆಯ ಲಾರಿಗಳಲ್ಲಿ ಇಂಜಿನ್ ಕ್ಯಾಬಿನ್ನಿನ ಒಳಗೇ, ಡ್ರೈವರನ ಎಡಕ್ಕೆ ಇರುತ್ತಿತ್ತು. ಕ್ಲಚ್ ತುಳಿಯುವ ಕಾಲು ಇಡೀ ದಿನ ಅದರ ಬಿಸಿಗೆ. ಎಡಗಿವಿಯೂ ಅಷ್ಟೇ, ಕೇಳಿಸುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ನಾವು ಬಲಗಡೆ ಹೋಗಿ ಕರೆಯುತ್ತೇವೆ.

ಅಪ್ಪ ಕ್ಲೀನರ್ ಆಗಿ ಸೇರಿದಾಗ ವಯಸ್ಸು ಹನ್ನೆರಡು. ಮೊದಲ ವರ್ಷ ಸಂಬಳವಿಲ್ಲ. ಊಟ, ಮತ್ತೆ ದೀಪಾವಳಿಗೆ ಒಂದು ಜೊತೆ ಬಟ್ಟೆ. ರಾತ್ರಿ ಟಾರ್ಪಾಲಿನ ಮೇಲೆ ಮಲಗಬೇಕಿತ್ತು, ಲೋಡ್ ಕಳುವಾಗದ ಹಾಗೆ. ತಪ್ಪು ಸ್ಪ್ಯಾನರ್ ಕೊಟ್ಟರೆ ಅದರಿಂದಲೇ ಏಟು. ಪರ ಬರೆದವರು ಹದಿನೆಂಟಕ್ಕೆ ಸೇರಿದರಂತೆ, ಒಳ್ಳೆಯ ಉಸ್ತಾದ್ ಸಿಕ್ಕರಂತೆ. ಅವರು ಬರೆದದ್ದನ್ನು ಓದುವಾಗ ನನಗೂ ಆ ಮಳೆಯ ರಾತ್ರಿ ಕಣ್ಣಿಗೆ ಕಟ್ಟಿತು. ಆದರೆ ಅಂಥ ರಾತ್ರಿ ಟೈರಿನ ಹಿಂದೆ ಕಲ್ಲು ಹಿಡಿದು ಕೂತವನು ಹನ್ನೆರಡರ ಹುಡುಗನಾದರೆ? ಲಾರಿ ಒಂದು ಗೇಣಿಗೆ ನಿಲ್ಲದೆ ಇನ್ನೂ ಹಿಂದಕ್ಕೆ ಬಂದಿದ್ದರೆ?

ಕಾನೂನು ಆಗಲೂ ಇತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುತ್ತಿತ್ತು. ದೊಡ್ಡವರಿಗೂ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಆದರೆ ಆ ಕಾಯ್ದೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೇ ಲಾರಿ ಇಟ್ಟುಕೊಂಡ ಮಾಲೀಕ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಪ್ಪ ಓಡಾಡಿದ್ದೆಲ್ಲ ಅಂಥ ಲಾರಿಗಳಲ್ಲೇ.

ಉಸ್ತಾದರು ಕಲಿಸಿದ್ದು ಗೇರು ಹಗ್ಗ ಮಾತ್ರ ಅಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವುದನ್ನು ಅಪ್ಪನಿಗೆ ಕಲಿಸಿದ್ದೂ ಅವರೇ. ಕೆಲವರು ಇಂಜಿನ್ನೇ ಆಫ್ ಮಾಡಿ ಇಳಿಯುತ್ತಿದ್ದರಂತೆ. ಲಾರಿಯ ಬ್ರೇಕು ಹಿಡಿಯುವುದು ಗಾಳಿಯ ಒತ್ತಡದಿಂದ, ಇಂಜಿನ್ ನಿಂತರೆ ಆ ಗಾಳಿ ತುಂಬುವುದೂ ನಿಲ್ಲುತ್ತದೆ. ಉಳಿದ ಡೀಸೆಲ್ ಕ್ಯಾನಿಗೆ ಇಳಿಸಿ ಮಾರುವುದು, ನಿದ್ದೆ ಬರದಿರಲಿ ಅಂತ ಗುಟ್ಕಾ, ಬೆಳಗ್ಗೆ ನಿದ್ದೆ ಬರಲಿ ಅಂತ ಕುಡಿತ, ಇದೆಲ್ಲ ಎಡಗಡೆ ಸೀಟಲ್ಲೇ ಕಲಿತದ್ದು. ಅಪ್ಪ ಕುಡಿತ ಬಿಡಲು ಹನ್ನೊಂದು ವರ್ಷ ಬೇಕಾಯಿತು. ಅಮ್ಮನ ವಯಸ್ಸು ಅದರಲ್ಲೇ ಸವೆಯಿತು.

ಅದಿರಿನ ಕಾಲದಲ್ಲಿ ಆರು ತಿಂಗಳ ಕ್ಲೀನರುಗಳಿಗೆ ಸ್ಟೇರಿಂಗ್ ಕೊಟ್ಟರು ಅನ್ನುವುದು ನಿಜ. ಆದರೆ ಎಷ್ಟೋ ಕಡೆ ಅದು ಶುರುವಾದದ್ದು ಲೈಸೆನ್ಸ್ ಇಲ್ಲದ ಹುಡುಗನಿಗೆ ‘ಸ್ವಲ್ಪ ಹೊತ್ತು ಹಿಡಿ’ ಅಂತ ಕೊಟ್ಟು ಉಸ್ತಾದ್ ಹಿಂದೆ ಮಲಗಿದಾಗ. ಅಪ್ಪ ಮೊದಲ ಸಲ ಲಾರಿ ಓಡಿಸಿದ್ದು ಹದಿನೈದಕ್ಕೆ, ರಾತ್ರಿ ಎರಡು ಗಂಟೆಗೆ. ಅದು ಅದಿರಿಗಿಂತ ಎಷ್ಟೋ ವರ್ಷ ಹಿಂದಿನ ಮಾತು. ಆ ಪದ್ಧತಿಗೆ ಆಗಲೇ ಹುಳ ಹಿಡಿದಿತ್ತು.

ನಾನು ಈಗ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಟ್ರಿಪ್ ಶೀಟ್ ಬರೆಯುತ್ತೇನೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಟ್ರಿಪ್ ಮುಗಿದ ಮೇಲೆ ಟೈರ್ ಒಡೆದದ್ದಕ್ಕೆ ಇಷ್ಟು, ಮಾಲು ಕಮ್ಮಿ ಬಂದದ್ದಕ್ಕೆ ಇಷ್ಟು ಅಂತ ಮುರಿದುಕೊಂಡು ಉಳಿದದ್ದನ್ನು ಕೈಗೆ ಹಾಕುತ್ತಿದ್ದರು, ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗಿನ ಹುಡುಗರು ಶೀಟನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಲು ಸಾಲು ಓದುತ್ತಾರೆ. ‘ಅಕ್ಕಾ, ಈ ಐನೂರು ಯಾಕೆ ಹಿಡಿದಿದೀರಿ?’ ಅಂತ ಕೇಳುತ್ತಾರೆ. ಹಾಗೆ ಕೇಳಿದಾಗ ನನಗೆ ಖುಷಿಯಾಗುತ್ತದೆ. ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ ಅನ್ನುವ ಲೆಕ್ಕ ಗೊತ್ತಿರುವುದರಿಂದ, ಮಾಲೀಕ ಸುಮ್ನೆ ಅವಸರ ಮಾಡಿದರೆ ‘ಇನ್ನೂ ಟೈಮ್ ಇದೆ ಸಾರ್’ ಅನ್ನುತ್ತಾರೆ. 2024ರ ಜನವರಿಯಲ್ಲಿ ಅಪಘಾತದಲ್ಲಿ ಸಾವಿಗೆ ಕಾರಣವಾಗಿ, ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು ಅನ್ನುವ ಕಲಮಿನ ವಿರುದ್ಧ ದೇಶದ ಹಲವು ಕಡೆ ಡ್ರೈವರುಗಳು ಲಾರಿ ನಿಲ್ಲಿಸಿದರು. ಜುಲೈನಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ಜಾರಿಗೆ ತರಲಿಲ್ಲ. ನಿಲ್ಲಿಸಿದ್ದು ಸರಿಯೋ ತಪ್ಪೋ, ಆ ಮಾತು ಬೇರೆ. ಕಾನೂನನ್ನು ಓದಿ, ಅಪಘಾತದ ಜಾಗದಲ್ಲಿ ನಿಂತರೆ ಜನ ಹೊಡೆಯುತ್ತಾರೆ, ನಾವು ನಿಲ್ಲುವುದು ಹೇಗೆ ಅಂತ ಕೇಳುವ ಧೈರ್ಯ ಅಪ್ಪನ ಕಾಲದಲ್ಲಿ ಇರಲಿಲ್ಲ.

ಆಫೀಸಿನಲ್ಲಿ ನನ್ನ ಮುಂದಿನ ಪರದೆಯಲ್ಲಿ ಲಾರಿಗಳು ಎಲ್ಲೆಲ್ಲಿವೆ ಅಂತ ಕಾಣುತ್ತದೆ. ಯಾರಾದರೂ ಮಿತಿ ಮೀರಿ ಓಡಿಸಿದರೆ ತಿಳಿಯುತ್ತದೆ, ಬಿಡುವಿಲ್ಲದೆ ಓಡಿಸುತ್ತಿದ್ದರೂ ತಿಳಿಯುತ್ತದೆ. ಕ್ಲೀನರಿಗೆ ಮೊಬೈಲ್ ಮಾಡಿ ‘ಡಾಬಾದಲ್ಲಿ ನಿಲ್ಲಿಸು, ಮಲಗು’ ಅಂತ ಹೇಳುತ್ತೇನೆ. ಕ್ಲೀನರ್ ಇಲ್ಲದಿದ್ದರೆ ಡ್ರೈವರ್ ಎಲ್ಲಾದರೂ ನಿಂತಾಗ ಅವರಿಗೇ ಮಾಡುತ್ತೇನೆ. 2025ರಲ್ಲಿ ಹೊಸ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಯಿತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಏನೂ ಅನ್ನಲಿಲ್ಲ, ಕಾಲು ನೀವಿಕೊಂಡರು.

ಕಷ್ಟ ಮುಗಿದಿದೆ ಅಂತ ನಾನು ಹೇಳುತ್ತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಚಹಾ ಅಂಗಡಿ ಕೊಚ್ಚಿಹೋಯಿತು. ಕೇರಳದ ಡ್ರೈವರ್ ಒಬ್ಬರ ಲಾರಿ ಎರಡು ತಿಂಗಳ ಮೇಲೆ ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿತು, ಒಳಗೆ ಅವರೂ ಇದ್ದರು. ಗೇರಿನ ಯಾವ ಜಾಣತನ ಅವರನ್ನು ಉಳಿಸಬಹುದಿತ್ತು? ಕರಾವಳಿಯಲ್ಲಿ ಮಳೆಗಾಲದಲ್ಲಿ ಲಾರಿ ನಿಲ್ಲಿಸಿ ನಿಶ್ಚಿಂತೆಯಿಂದ ಮಲಗಲು ಜಾಗ ಎಲ್ಲಿದೆ ಅಂತ ನಮ್ಮ ಡ್ರೈವರುಗಳು ನನ್ನನ್ನು ಕೇಳುತ್ತಾರೆ. ನಾನು ಪರದೆ ನೋಡುತ್ತೇನೆ, ತೋರಿಸಲು ಜಾಗ ಸಿಗುವುದಿಲ್ಲ.

ಹೊಗೆ ಬರಿಸಿಕೊಂಡು ಘಟ್ಟ ಇಳಿದ ಆ ಹುಡುಗನಿಗೆ ಪಕ್ಕದಲ್ಲಿ ಒಬ್ಬರು ಇರಬೇಕಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪಕ್ಕದಲ್ಲಿರುವವರು ಕ್ಲೀನರ್ ಆಗಿರುವುದು ಬೇಡ. ಲೈಸೆನ್ಸ್ ಇರುವ, ಸಂಬಳ ಇರುವ, ಸರದಿಯಲ್ಲಿ ಓಡಿಸಿ ಸರದಿಯಲ್ಲಿ ಮಲಗುವ ಇನ್ನೊಬ್ಬ ಡ್ರೈವರ್ ಆಗಿರಲಿ. ನಮ್ಮ ಟ್ರಿಪ್ ಶೀಟಿನಲ್ಲಿ ‘ಎರಡನೇ ಡ್ರೈವರ್’ ಅಂತ ಒಂದು ಖಾನೆ ಇದೆ. ಈ ವಾರ ನಲವತ್ತು ಶೀಟ್ ಬರೆದೆ. ಮೂವತ್ತೇಳರಲ್ಲಿ ಅಲ್ಲಿ ಗೆರೆ ಎಳೆದಿದ್ದೇನೆ.