ನೀರು ಸಾಕಿದವರು

ಮೊನ್ನೆ ಭಾನುವಾರ ನಮ್ಮ ಭಾವನವರು ನಡುಮನೆಯಲ್ಲಿರುವ ಮೀನಿನ ತೊಟ್ಟಿಯ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷ ನಿಂತಿದ್ದು, ಕೊನೆಗೆ ನನ್ನ ಕಡೆ ತಿರುಗಿ, "ಅಲ್ಲಯ್ಯಾ, ಇಷ್ಟೆಲ್ಲ ಖರ್ಚು ಮಾಡಿ ಬರೀ ನೀರನ್ನು ಸಾಕಿದ್ದೀಯಲ್ಲ!" ಎಂದರು. ಆ ಹೊತ್ತಿನಲ್ಲಿ ತೊಟ್ಟಿಯೊಳಗೆ ಏಳು ಮೀನುಗಳಿದ್ದವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ತೋರಿಸು ಎಂದರೆ ಮಾತ್ರ ತೋರಿಸಲಾರೆ.

ತಪ್ಪು ನನ್ನದೇ. ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಅಂದರೆ ಸುಮಾರು 180 ಲೀಟರ್ ನೀರು ಹಿಡಿಯುವಂಥದ್ದು. ಮನೆ ಕಟ್ಟುವಾಗ ಅಡಿಪಾಯ ಮೊದಲು, ಮಹಡಿ ಆಮೇಲೆ ಎನ್ನುವ ಹಾಗೆ, ತಳದಲ್ಲಿ ವಾಸಿಸುವ ಮೀನುಗಳನ್ನು ಮೊದಲು ತಂದು, ಮೇಲೆ ಈಜುವವನ್ನು ನಿಧಾನವಾಗಿ ಬಿಟ್ಟರಾಯಿತೆಂದು ಮಗಳೂ ನಾನೂ ತೀರ್ಮಾನಿಸಿದೆವು. ಮಹಡಿ ಇನ್ನೂ ಎದ್ದಿಲ್ಲ.

ಯಾವುದನ್ನು ತರುವುದೆಂದು ಎರಡು ತಿಂಗಳು ಚರ್ಚೆ ನಡೆಯಿತು. ತೊಟ್ಟಿ ತೊಳೆಯುವ ಕೆಲಸವೇ ಇರುವುದಿಲ್ಲ ಎಂದು ಆಸೆ ತೋರಿಸಿ ಅಂಗಡಿಯವನು ಪಾಚಿ ತಿನ್ನುವ ಪ್ಲೆಕೊ ಎಂಬ ಮೀನಿನ ಬೆರಳುದ್ದದ ಮರಿಯೊಂದನ್ನು ದಾಟಿಸಲು ನೋಡಿದ. ಆ ಸಾಮಾನ್ಯ ಪ್ಲೆಕೊ ಬೆಳೆದರೆ 40 ಸೆಂ.ಮೀ. ದಾಟುತ್ತದೆ, ಒಂದೂವರೆ ಅಡಿ ಅಗಲದಲ್ಲಿ ಅದು ಹಿಂದಿರುಗಬೇಕಾದರೆ, ಗಲ್ಲಿಯಲ್ಲಿ ಲಾರಿ ತಿರುಗಿಸುವಾಗಿನಂತೆ ಯಾರಾದರೂ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನಬೇಕಾಗುತ್ತದೆ. ಕ್ಲೌನ್ ಲೋಚ್ ನೋಡಲು ಚೆಂದ, ಆದರೆ ಅದೂ 30 ಸೆಂ.ಮೀ.ವರೆಗೆ ಬೆಳೆಯುತ್ತದೆ, ಅಲ್ಲದೆ ವಿಶ್ರಾಂತಿ ಬೇಕೆನಿಸಿದಾಗ ಸತ್ತಂತೆ ಮಗ್ಗುಲಾಗಿ ಬಿದ್ದುಕೊಳ್ಳುವ ಅದರ ಅಭ್ಯಾಸ ನನ್ನ ಎದೆಗೆ ಒಗ್ಗುವಂಥದ್ದಲ್ಲ. ಬ್ರೆಜಿಲ್‌ನ ಷಿಂಗು ನದಿಯ, 1991ರಲ್ಲಷ್ಟೇ ವೈಜ್ಞಾನಿಕ ಹೆಸರು ಪಡೆದ, ಕಪ್ಪು ಬಿಳುಪು ಪಟ್ಟೆಗಳ ಜೀಬ್ರಾ ಪ್ಲೆಕೊದ ಬೆಲೆ ಕೇಳಿ ಇಬ್ಬರೂ ಸುಮ್ಮನಾದೆವು. ಉಳಿದದ್ದು ಕೋರಿಡೋರಸ್. ಆರರ ಗುಂಪು ತಂದು ಬಿಟ್ಟರೆ ಹಗಲಿನಲ್ಲೇ ಮೀಸೆಯಿಂದ ಮರಳು ಕೆದಕುತ್ತಾ, ನಡುನಡುವೆ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಬರುತ್ತಾ, ಸಂಭಾವಿತರಂತೆ ಸಂಸಾರ ಮಾಡಿಕೊಂಡಿರುವ ಮೀನುಗಳು. ಎಲ್ಲರ ಮನೆಯಲ್ಲೂ ಇವೆ ಎಂಬ ಒಂದೇ ಕಾರಣಕ್ಕೆ ನಾನು ಅವನ್ನು ಬೇಡವೆಂದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ಮನೆಗೆ ಬಂದದ್ದು ಆರು ಕುಹ್ಲಿ ಲೋಚ್‌ಗಳು ಮತ್ತು ಒಂದು ಬ್ಯಾಂಜೊ ಕ್ಯಾಟ್‌ಫಿಶ್. ಕುಹ್ಲಿಗಳು ಹಳದಿ-ಕಂದು ಪಟ್ಟೆಗಳ, ಹಾವಿನ ಮರಿಯಂಥ ನಿಶಾಚರಿಗಳು. ಅವುಗಳ ಮೀಸೆ ಸವೆಯಬಾರದೆಂದು ಹರಳುಗಲ್ಲಿನ ಬದಲು ನುಣ್ಣನೆಯ ಮರಳನ್ನು ಏಳು ಸಲ ತೊಳೆದು ಹಾಸಿದೆ. ಅವು ಕೃತಜ್ಞತೆಯಿಂದ ಅದರೊಳಗೇ ಹೂತುಕೊಂಡವು. ಆರನ್ನೂ ಒಟ್ಟಿಗೆ ನಾನು ಇಂದಿನವರೆಗೆ ಕಂಡಿಲ್ಲ. ಎರಡು ಕಾಣೆಯಾದವೆಂದು ವಾರವಿಡೀ ಕೊರಗಿದ ಮೇಲೆ, ಫಿಲ್ಟರ್ ತೊಳೆಯಲು ಬಿಚ್ಚಿದರೆ ಎರಡೂ ಅದರೊಳಗೆ ಹೊರಗಿದ್ದುದಕ್ಕಿಂತ ದಪ್ಪವಾಗಿ ಕುಳಿತಿದ್ದವು.

ಬ್ಯಾಂಜೊದ್ದು ಇನ್ನೊಂದು ಕಥೆ. ದಕ್ಷಿಣ ಅಮೆರಿಕದ ಈ ಮೀನು ಚಪ್ಪಟೆ ತಲೆ, ಸಪೂರ ಬಾಲ, ಗಂಟುಗಂಟಾದ ಕಂದು ಚರ್ಮ ಹೊತ್ತು, ತೊಟ್ಟು ಸಮೇತ ಉದುರಿದ ಒಣ ಎಲೆಯಂತೆಯೇ ಇರುತ್ತದೆ. ಮುಟ್ಟಿದರೆ ಓಡುವುದಿಲ್ಲ, ಸತ್ತಂತೆ ನಟಿಸುತ್ತದೆ. ಅದಕ್ಕೆ ಹಿತವಾಗಲೆಂದು ತೊಟ್ಟಿಯ ತಳಕ್ಕೆ ನಿಜವಾದ ಒಣ ಎಲೆಗಳನ್ನೂ ಹಾಕಿದ್ದು ನನ್ನ ಬುದ್ಧಿವಂತಿಕೆಯ ಪರಮಾವಧಿ. ನಾಲ್ಕು ರಾತ್ರಿ ಇಕ್ಕಳದಲ್ಲಿ ಹುಳು ಹಿಡಿದು ಮೂಲೆಯ ಎಲೆಯೊಂದರ ಬಾಯಿಗೆ ಒಡ್ಡಿ, ತಿನ್ನಲೊಲ್ಲದೆಂದು ವ್ಯಥೆಪಟ್ಟೆ. ಐದನೆಯ ರಾತ್ರಿ ಆ ಎಲೆ ಎರಡು ತುಂಡಾದಾಗ ಸತ್ಯ ತಿಳಿಯಿತು.

ಭಾವನವರ ವಿಷಯಕ್ಕೆ ಬರುತ್ತೇನೆ. ಅವರು ಬಂದಾಗಲೆಲ್ಲ ಚಪ್ಪಲಿ ಬಿಟ್ಟವರೇ ನೇರವಾಗಿ ತೊಟ್ಟಿಗೆ ಹೋಗಿ, ಉಂಗುರದ ಬೆರಳಿನಿಂದ ಗಾಜನ್ನು ಟಕಟಕ ಬಡಿದು, ಹಾಜರಿ ಕರೆಯುವ ಮೇಷ್ಟರ ದನಿಯಲ್ಲಿ "ಒಂದು..." ಎಂದು ನಿಲ್ಲುತ್ತಾರೆ. ಬಡಿದರೆ ಮೀನುಗಳು ಹೆದರಿ ಇನ್ನಷ್ಟು ಒಳಗೆ ಸರಿಯುತ್ತವೆಂದು ನಾನು ಹೇಳುವುದೂ, "ಇದ್ದರೆ ತಾನೇ ಹೆದರುವುದು" ಎಂದು ಅವರು ಮತ್ತೆ ಬಡಿಯುವುದೂ ಒಂದು ವರ್ಷದಿಂದ ನಡೆದಿದೆ. ಒಮ್ಮೆ "ಎರಡು" ಎಂದು ಸಂಭ್ರಮಪಟ್ಟರು, ಅದು ಥರ್ಮಾಮೀಟರು. ಇನ್ನೊಮ್ಮೆ ಬಸವನಹುಳುವನ್ನು ಲೆಕ್ಕಕ್ಕೆ ಸೇರಿಸಬಹುದೇ ಎಂದು ನ್ಯಾಯ ಕೇಳಿದರು. ಈ ಭಾನುವಾರ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ತೋಳು ಮಡಿಸಿ, ಮೊಣಕೈವರೆಗೆ ಕೈ ಇಳಿಸಿ, ಉಪಕಾರ ಮಾಡುವ ಉತ್ಸಾಹದಲ್ಲಿ ಕಸ ತೆಗೆಯಲು ಶುರುಮಾಡಿದ್ದರು. ದಿನಪತ್ರಿಕೆಯ ಮೇಲೆ ಆಗಲೇ ಮೂರು ಎಲೆಗಳು ಸಾಲಾಗಿದ್ದವು. ನಾಲ್ಕನೆಯದು ಅವರ ಅಂಗೈಯಲ್ಲಿತ್ತು. "ನೋಡು, ಎಲೆ ಕೊಳೆತರೂ ನಿನಗೆ ಗಮನವಿಲ್ಲ" ಎಂದು ಅವರು ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಾಗ ಎಲೆಯ ಎರಡು ಸಣ್ಣ ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ನಾನು ಬಾಯಿ ತೆರೆಯುವ ಮುಂಚೆಯೇ ಎಲೆ ತನ್ನ ಪಕ್ಕದ ಮುಳ್ಳನ್ನು ಅರಳಿಸಿ ಅವರ ಹೆಬ್ಬೆರಳನ್ನು ಚುಚ್ಚಿತು. ಭಾವನವರು ಕೂಗಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದಳು. ಎಲೆ ನೀರಿಗೆ ಬಿದ್ದು, ಬಿದ್ದ ಜಾಗದಲ್ಲೇ, ಬಿದ್ದ ಭಂಗಿಯಲ್ಲೇ ಉಳಿಯಿತು.

ರಾತ್ರಿ ದೀಪಗಳೆಲ್ಲ ಆರಿದ ಮೇಲೆ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ನಾನೂ ಮಗಳೂ ಉಸಿರು ಬಿಗಿಹಿಡಿದು ಈ ತೊಟ್ಟಿಯ ಮುಂದೆ ಕೂರುತ್ತಿದ್ದ ಕಾಲವಿತ್ತು. ಕುಹ್ಲಿಗಳು ಬೇರಿನ ಸಂದಿಯಿಂದ ಜಡೆ ಬಿಚ್ಚಿದಂತೆ ಇಳಿದು ಬರುತ್ತಿದ್ದವು. ಬ್ಯಾಂಜೊ ಕಿವಿರಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಕುಪ್ಪಳಿಸಿದರೆ ಅವಳು ನನ್ನ ತೋಳನ್ನು ಚಿವುಟುತ್ತಿದ್ದಳು. ಅವಳೀಗ ಹಾಸ್ಟೆಲಿನಲ್ಲಿದ್ದಾಳೆ. ಟಾರ್ಚಿನ ಕೆಂಪು ಕಾಗದವನ್ನು ನಾನು ಬಿಚ್ಚಿಲ್ಲ.

ನಿನ್ನೆ ಸಂಜೆ ಭಾವನವರು ಫೋನ್ ಮಾಡಿ, ಹಿಂದೆಂದೂ ಕೇಳಿರದ ಮೆತ್ತನೆಯ ದನಿಯಲ್ಲಿ "ಆ ಎಲೆ ಬದುಕಿದೆಯೇನಯ್ಯಾ?" ಎಂದು ವಿಚಾರಿಸಿದರು. ತಾಳಿ ಎಂದು ಹೇಳಿ ಹೋಗಿ, ಗಾಜಿಗೆ ಹಣೆ ಹಚ್ಚಿ ಹುಡುಕಿ, ಮೂಲೆಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಅದರ ಅಂಚು ಕಳಚಿ ತೇಲಿಹೋಯಿತು. ಫೋನ್ ಎತ್ತಿಕೊಂಡು, "ಆರೋಗ್ಯವಾಗಿದೆ ಭಾವ" ಎಂದೆ.