ಕೋಳಿ ಬೆಂದಾಗ ಆಲೂಗಡ್ಡೆ ಆರಿತ್ತು

ಕೋಳಿ ರೋಸ್ಟ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಆಲೂಗಡ್ಡೆ ಬೇಯಿಸಿ ಹಿಸುಕುವುದಕ್ಕೆ ವಿದ್ಯೆಯೇ ಬೇಕಿಲ್ಲ. ಬೀನ್ಸು, ಕ್ಯಾರೆಟ್ಟುಗಳಂತೂ ಹೇಳಿದ ಮಾತು ಕೇಳುವ ಜಾತಿಯವು. ಆದರೆ ಇವಿಷ್ಟನ್ನೂ ಒಂದೇ ಹೊತ್ತಿಗೆ, ಬಿಸಿಬಿಸಿಯಾಗಿ, ಒಂದೇ ಮೇಜಿಗೆ ತರುತ್ತೇನೆ ಅಂತ ಹೊರಟಿರೋ, ಕೆಟ್ಟಿರಿ. ಮದುವೆಮನೆಯಲ್ಲಿ ಮಾವಂದಿರನ್ನೆಲ್ಲ ಒಂದೇ ಫೋಟೋಗೆ ನಿಲ್ಲಿಸಿದ ಹಾಗಾಗುತ್ತದೆ. ಒಬ್ಬರು ಬಂದು ನಿಂತರೆ ಇನ್ನೊಬ್ಬರು ಚಪ್ಪಲಿ ಹುಡುಕುತ್ತಿರುತ್ತಾರೆ.

ಭಾನುವಾರದ ರಾತ್ರಿಯೂಟ ನನ್ನದು ಅಂತ ಘೋಷಿಸಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

"ಊಟ ಎಷ್ಟು ಹೊತ್ತಿಗೆ ರೀ?"

"ಎಂಟಕ್ಕೆ."

"ಸರಿ, ಮಕ್ಕಳಿಗೆ ಆರಕ್ಕೇ ಏನಾದ್ರೂ ತಿನ್ನಿಸಿಬಿಡ್ತೀನಿ."

ಮೊದಲ ಜಗಳ ಸಿಂಕಿನ ಹತ್ತಿರ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ನೀರಿನ ಜೊತೆ ಸಿಡಿದು ಅಡುಗೆಕಟ್ಟೆಗೆಲ್ಲ ಹರಡುತ್ತದೆ, ಚೆನ್ನಾಗಿ ಬೇಯಿಸಿದರೆ ಸಾಕು ಅಂತ ನಾನು ವಿವರಿಸಿದೆ. "ತೊಳೀದೆ ಅಡುಗೆ ಮಾಡೋ ಮನೇಲಿ ನಾನು ಊಟ ಮಾಡಲ್ಲ" ಅಂದಳು. ಅದು ಅವಳದೇ ಮನೆ ಅನ್ನುವುದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಪೇಪರಿನಿಂದ ಒರೆಸುವುದು ಅಂತ ರಾಜಿಯಾಯಿತು. ಒಳ್ಳೆಯದೇ ಆಯಿತು ಅನ್ನಿ. ಚರ್ಮದ ಮೇಲೆ ನೀರಿರುವಷ್ಟು ಹೊತ್ತು ಅದು 100 ಡಿಗ್ರಿ ದಾಟುವುದೇ ಇಲ್ಲ, ಕೆಂಪಗೆ ಗರಿಗರಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾವು ಬೇಕು. ಈ ಕೆಂಪಗಾಗುವ ಗುಟ್ಟನ್ನು 1912ರಲ್ಲೇ ಮಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ ವಿವರಿಸಿದ್ದ. ಅದನ್ನೂ ಹೇಳಹೊರಟೆ. ಅಷ್ಟರಲ್ಲಿ ಅಡುಗೆಮನೆ ಖಾಲಿಯಾಗಿತ್ತು.

ಎಂಟು ಗಂಟೆಗೆ ಸರಿಯಾಗಿ ಆಲೂಗಡ್ಡೆ ಸಿದ್ಧ, ಬೀನ್ಸ್ ಸಿದ್ಧ, ಭಾವಮೈದ ಹಾಜರ್. ಕೋಳಿ ಮಾತ್ರ ಓವನ್ನಿನೊಳಗೆ ಬೆಳ್ಳಗೆ ಕೂತಿತ್ತು. ಕೂರದೆ ಏನು ಮಾಡೀತು? ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಬಾಗಿಲು ತೆಗೆದು "ಆಯ್ತಾ?" ಅಂತ ಅದನ್ನೇ ಕೇಳುತ್ತಿದ್ದರು. ತೆಗೆದಾಗಲೆಲ್ಲ ಒಳಗಿನ ಶಾಖ ಹೊರಗೆ, ಹೊರಗಿನವರ ಮೂಗು ಒಳಗೆ.

ತೊಡೆಯ ದಪ್ಪಭಾಗದಲ್ಲಿ 74 ಡಿಗ್ರಿ ಬಂದರೆ ಬೆಂದಂತೆ. ಅಳೆಯೋಣವೆಂದರೆ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ನಾಪತ್ತೆ. ಮಗಳು ಓಡಿಹೋಗಿ ಜ್ವರದ್ದನ್ನು ತಂದಳು. ಅದು 42 ದಾಟಿದರೆ ಕೈ ಚೆಲ್ಲುತ್ತದೆ, ಕೋಳಿಗೆ ಅದಕ್ಕಿಂತ ಜಾಸ್ತಿ ಜ್ವರ ಬರಬೇಕು ಪುಟ್ಟಾ ಅಂದೆ. "ಅದು ಆಗಲೇ ಸತ್ತಿದೆಯಲ್ಲಪ್ಪ" ಅಂತ ಸಮಾಧಾನ ಹೇಳಿದಳು.

ಈ ಗಡಿಬಿಡಿಯಲ್ಲಿ ಭಾವಮೈದನಿಗೆ ಸೇವಾಭಾವ ಉಕ್ಕಿತು. "ಭಾವ, ಈ ಆಲೂಗಡ್ಡೆ ಗಂಟುಗಂಟಾಗಿದೆ, ಮಿಕ್ಸಿ ಇಲ್ವಾ?" ನಾನು ತಿರುಗುವಷ್ಟರಲ್ಲಿ ಮಿಕ್ಸಿ ತಿರುಗಿತ್ತು. ಬೆಂದ ಆಲೂಗಡ್ಡೆಯನ್ನು ಮೆಲ್ಲಗೆ ಹಿಸುಕಬೇಕು. ಬ್ಲೇಡಿಗೆ ಕೊಟ್ಟರೆ ಜೀವಕೋಶಗಳೊಡೆದು ಪಿಷ್ಟವೆಲ್ಲ ಹೊರಬಂದು ಶುದ್ಧ ಅಂಟಾಗುತ್ತದೆ. ಚಮಚ ನೆಟ್ಟರೆ ನಿಂತಿತು, ಎತ್ತಿದರೆ ಜಾರೂ ಜೊತೆಗೆ ಬಂತು. ಮಗ ಹರಿದ ಪಠ್ಯಪುಸ್ತಕ ತಂದು ಪಕ್ಕದಲ್ಲಿ ನಿಂತ. ಅಷ್ಟಕ್ಕೇ ಬಿಟ್ಟನೇ ಭಾವಮೈದ? ಬೀನ್ಸ್ ಮೇಲೂ ನಿಂಬೆಹಣ್ಣು ಹಿಂಡಿ, ಆರದಿರಲಿ ಅಂತ ಮುಚ್ಚಿಟ್ಟ. ಹುಳಿ ಮತ್ತು ಕಾವು ಸೇರಿದರೆ ಹಸಿರು ಉಳಿಯುವುದಿಲ್ಲ. ಮುಚ್ಚಳ ತೆಗೆದಾಗ ಮಳೆಗೆ ನೆಂದ ಖಾಕಿ ಬಣ್ಣ. ಕ್ಯಾರೆಟ್ ಬದುಕಿಕೊಂಡಿತು, ಅದನ್ನು ಯಾರೂ ಗಮನಿಸಿರಲಿಲ್ಲ.

ಅಂತೂ ಕೋಳಿ ಹೊರಬಂತು. ಹೊಂಬಣ್ಣ, ಘಮಘಮ. ಭಾವಮೈದ ಚಾಕು ಎತ್ತಿದ. ನಾನು ಅಡ್ಡ ನಿಂತೆ. ಈಗಲೇ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿದುಹೋಗುತ್ತದೆ, ಕಾಲು ಗಂಟೆ ವಿಶ್ರಾಂತಿ ಬೇಕು.

"ಯಾರಿಗೆ?"

"ಕೋಳಿಗೆ."

ಹೆಂಡತಿ ಗಡಿಯಾರ ನೋಡಿದಳು, ಕೋಳಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಹೊದಿಕೆ ಏನಾದ್ರೂ ತರ್ಲಾ?"

ಆ ಕಾಲು ಗಂಟೆಯಲ್ಲಿ ಟ್ರೇಯಲ್ಲಿಳಿದ ರಸಕ್ಕೆ ಚೂರು ಮೈದಾ ಕಲಸಿ ಗ್ರೇವಿಗಿಟ್ಟೆ. ಕೊಯ್ಯುವಾಗ ಇನ್ನೊಂದು ಸತ್ಯ ಹೊರಬಿತ್ತು: ಕೋಳಿಯೊಳಗೇ ಒಗ್ಗಟ್ಟಿಲ್ಲ. ತೊಡೆ ಹದವಾಗಿ ಬೇಯುವ ಹೊತ್ತಿಗೆ ಎದೆಭಾಗ ಬೆಂದು, ಕಾದು, ಬೇಸತ್ತು ಒಣಗಿರುತ್ತದೆ. ಅಡುಗೆಕಟ್ಟೆಯ ಮೇಲಿರುವವರನ್ನು ಒಟ್ಟಿಗೆ ಸೇರಿಸುವುದಿರಲಿ, ಒಂದೇ ಮೈಯಲ್ಲಿರುವವರೇ ಜೊತೆಗೆ ಬರುವುದಿಲ್ಲ.

ಎರಡು ಕಾಲುಗಳನ್ನೂ ಆರಕ್ಕೇ ಹೊಟ್ಟೆ ತುಂಬಿಸಿಕೊಂಡಿದ್ದ ಮಕ್ಕಳು ಮುಗಿಸಿದರು. ಅಂಟನ್ನು ಹೆಂಡತಿ ತಟ್ಟಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು ತಂದಳು. ಹೇಳಲು ಸಂಕಟ, ಎಲ್ಲರೂ ಹೊಗಳಿದ್ದು ಅದನ್ನೇ. ಭಾವಮೈದ ಮಿಕ್ಸಿಯ ಶ್ರೇಯಸ್ಸು ತನ್ನದೆಂದ. ನನ್ನ ಪಾಲಿಗೆ ಬಂದ ಎದೆಯ ತುಂಡನ್ನು ನೀರು ಕುಡಿದು ಕುಡಿದು ಒಳಗಿಳಿಸಿದೆ.

ತಟ್ಟೆಗಳನ್ನೆಲ್ಲ ತೊಳೆದಾದ ಮೇಲೆ ಒಲೆಯ ಮೇಲೆ ಗ್ರೇವಿ ಸಿಕ್ಕಿತು. ಹೊಗೆಯಾಡುತ್ತಿತ್ತು. ಭಾವಮೈದ ಒಂದು ಲೋಟ ಕೇಳಿದ.