ಗೋಡೆಗೆ ಎರಡು ಗಂಟೆ, ಶೌಚಾಲಯಕ್ಕೆ ನಾಲ್ಕು ನಿಮಿಷ

ಮಂಗಳೂರಿನ ಹಳೆಯ ಚರ್ಚೊಂದರ ಹಿಂಬದಿಯಲ್ಲಿ ಒಂದೇ ಆಡಳಿತದ ಎರಡು ಪ್ರೌಢಶಾಲೆಗಳಿವೆ. ಒಂದು ಗಂಡುಮಕ್ಕಳದು, ಇನ್ನೊಂದು ಹೆಣ್ಣುಮಕ್ಕಳದು. ನಡುವೆ ಎಂಟು ಅಡಿ ಎತ್ತರದ ಮುರಕಲ್ಲಿನ ಗೋಡೆ. ಅದರ ನೆತ್ತಿಯ ಮೇಲೆ ಸಿಮೆಂಟಿನಲ್ಲಿ ನೆಟ್ಟ ಸೋಡಾ ಬಾಟಲಿಯ ಚೂರುಗಳು. ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಕಲಿತದ್ದು ಈ ಗೋಡೆಯ ಪಡುಬದಿಯಲ್ಲಿ. ಮೂಡುಬದಿಯಲ್ಲಿ ಏನು ಕಲಿಸುತ್ತಾರೆಂಬುದು ನಮಗೆ ಆ ಮೂರು ವರ್ಷವೂ ನಿಗೂಢವಾಗಿತ್ತು. ಅಲ್ಲಿಯೂ ಅದೇ ಸರಕಾರದ ಅದೇ ಪಠ್ಯಪುಸ್ತಕವನ್ನೇ ಕಲಿಸುತ್ತಾರೆಂದು ತಿಳಿದದ್ದು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರದಲ್ಲಿ, ಎರಡೂ ಕಡೆಯವರನ್ನು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರಿಸಿದಾಗ.

ಬರುವ ಜೂನ್‌ನಿಂದ ಈ ಎರಡು ಶಾಲೆಗಳನ್ನು ವಿಲೀನಗೊಳಿಸಿ ಒಂದೇ ಸಹಶಿಕ್ಷಣ ಶಾಲೆಯಾಗಿ ನಡೆಸುವುದೆಂದು ಆಡಳಿತ ಮಂಡಳಿ ನಿರ್ಧರಿಸಿದೆ. ಸರಿಯಾಗಿ ಹೇಳಬೇಕಾದರೆ, ನಿರ್ಧರಿಸುವ ಬಗ್ಗೆ ನಿರ್ಧರಿಸಿದೆ. ಅದರ ಸಮಾಲೋಚನೆಗಾಗಿ ಒಂದು ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಚರ್ಚ್ ಸಭಾಭವನದಲ್ಲಿ ಸಭೆ ಕರೆದರು. ಸಂಚಾಲಕರಾದ ಫಾದರ್, ಪಡು ಶಾಲೆಯ ಮುಖ್ಯೋಪಾಧ್ಯಾಯರು, ಮೂಡು ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಸಿಸ್ಟರ್, ಚರ್ಚಿನ ಪಾಲನಾ ಮಂಡಳಿಯವರು, ವಾಳೆಗಳ (ಚರ್ಚಿನ ವಾರ್ಡುಗಳ) ಮುಖಂಡರಾದ ಗುರಿಕಾರರು, ಶಿಕ್ಷಕ-ರಕ್ಷಕ ಸಂಘದವರು ಎಲ್ಲರೂ ಸೇರಿದ್ದರು. ಹಳೆ ವಿದ್ಯಾರ್ಥಿ ಸಂಘದ ಪರವಾಗಿ ನನಗೂ ಕರೆ ಬಂದಿತ್ತು. ನಾನು ಆ ಧರ್ಮದವನಲ್ಲ. ಆದರೆ ದಿನವೂ ಬೆಳಗಿನ ಅಸೆಂಬ್ಲಿಯಲ್ಲಿ ನಿಂತು ಹೇಳಿದ ಫಲವಾಗಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬುದನ್ನು ಇಂದಿಗೂ ಒಂದಕ್ಷರ ತಪ್ಪದೆ ಒಪ್ಪಿಸಬಲ್ಲೆ.

ಗೋಡೆಯನ್ನು ಹಂಗಿಸುವ ಮೊದಲು ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಈ ಊರಿಗೆ ಹಡಗಿನಲ್ಲಿ ಬಂದಿಳಿದಾಗ, ಹುಡುಗಿಯನ್ನು ಹುಡುಗರ ಜೊತೆ ಕೂರಿಸುತ್ತೇವೆಂದು ಹೇಳಿದ್ದರೆ ಒಬ್ಬ ತಂದೆಯೂ ಮಗಳನ್ನು ಮನೆಯಿಂದ ಹೊರಗೆ ಕಳುಹಿಸುತ್ತಿರಲಿಲ್ಲ. ಚರ್ಚಿನವರು ಮಾತ್ರವಲ್ಲ, 1891ರಲ್ಲಿ ಕೆನರಾ ಹೈಸ್ಕೂಲ್ ತೆರೆದ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಮೂರು ವರ್ಷಗಳ ಬಳಿಕ ಹುಡುಗಿಯರಿಗೆಂದು ಬೇರೆಯೇ ಶಾಲೆ ತೆರೆದರು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದದ್ದೂ ಇಂಥದ್ದೇ ಗೋಡೆಯ ಭರವಸೆಯ ಮೇಲೆ. ನಮ್ಮ ಅಜ್ಜಿಯಂದಿರಲ್ಲಿ ಪತ್ರ ಬರೆಯಬಲ್ಲವರು ಯಾರಾದರೂ ಇದ್ದಿದ್ದರೆ ಅವರು ಹೆಚ್ಚಾಗಿ ಒಂದು ಗೋಡೆಯ ಮರೆಯಲ್ಲಿ ಕಲಿತವರು. ಆ ಕಾರಣ ತೀರಿಹೋಗಿ ಎಷ್ಟೋ ಕಾಲವಾಯಿತು. ಗೋಡೆಗೆ ಮಾತ್ರ ಯಾರೂ ನಿವೃತ್ತಿ ಕೊಡಲಿಲ್ಲ.

ಸಭೆಯಲ್ಲಿ ಮೊದಲು ಎದ್ದವರು ಹಿರಿಯ ಗುರಿಕಾರರೊಬ್ಬರು. ಅವರ ಕೈಯಲ್ಲಿ ಮೊಮ್ಮಗ ಪ್ರಿಂಟ್ ತೆಗೆದುಕೊಟ್ಟ ಕಾಗದವಿತ್ತು. 1929ರಲ್ಲಿ ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು, ಅಂದರೆ ಆಗಿನ ಪೋಪ್, ಶಿಕ್ಷಣದ ಕುರಿತು ಹೊರಡಿಸಿದ ವಿಶ್ವಪರಿಪತ್ರದಲ್ಲಿ ಸಹಶಿಕ್ಷಣವು ತಪ್ಪು ಮತ್ತು ಹಾನಿಕರ ಪದ್ಧತಿಯೆಂದು ಬರೆದಿರುವುದನ್ನು ಅವರು ಗಟ್ಟಿಯಾಗಿ ಓದಿದರು. ಬರೆದಿರುವುದು ನಿಜವೇ ಆಗಿರುವುದರಿಂದ ಸಭೆ ಒಂದು ಕ್ಷಣ ತಣ್ಣಗಾಯಿತು. ಫಾದರ್ ಕನ್ನಡಕ ಒರೆಸಿಕೊಂಡು, ಆ ಬಳಿಕ ಚರ್ಚಿನ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದುಹೋಗಿದೆಯೆಂದು ಮೆಲ್ಲನೆ ನೆನಪಿಸಿದರು. ಗುರಿಕಾರರು, ‘ಅದು ನಮ್ಮ ವಾಳೆಯಲ್ಲಿ ನಡೆದದ್ದಲ್ಲ ಫಾದರ್’ ಎಂದು ಕುಳಿತುಕೊಂಡರು.

ಇದೇ ಗುರಿಕಾರರು ಭಾನುವಾರದ ಕ್ರೈಸ್ತ ಶಿಕ್ಷಣದ, ಹಿರಿಯರು ದೊತೊರ್ನ್ ಎಂದು ಕರೆಯುವ ತರಗತಿಯ ಮೇಲ್ವಿಚಾರಕರೂ ಹೌದು ಎಂಬುದನ್ನು ನನ್ನ ಪಕ್ಕದವರು ಕಿವಿಯಲ್ಲಿ ಹೇಳಿದರು. ಆ ತರಗತಿಯಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೇ ಕೂರುತ್ತಾರೆ, ಹಿಂದಿನಿಂದಲೂ. ಹತ್ತು ಆಜ್ಞೆಗಳನ್ನು, ಅವುಗಳಲ್ಲಿ ವ್ಯಭಿಚಾರ ಮಾಡಬೇಡ ಎನ್ನುವ ಆರನೆಯದನ್ನೂ ಸೇರಿಸಿ, ಒಟ್ಟಿಗೆ ಬಾಯಿಪಾಠ ಮಾಡಿ ಕೆಡದ ಮಕ್ಕಳು ಸೋಮವಾರ ಪೈಥಾಗೊರಸನ ಪ್ರಮೇಯವನ್ನು ಒಟ್ಟಿಗೆ ಕಲಿತರೆ ಕೆಟ್ಟುಹೋಗುತ್ತಾರೆಂಬ ಅವರ ಆತಂಕದಲ್ಲಿ ಗಣಿತದ ಶಕ್ತಿಯ ಬಗ್ಗೆ ಇರುವ ಗೌರವವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಭೆಗೆ ಬಂದ ತಂದೆತಾಯಂದಿರಲ್ಲಿ ಯಾರೂ ಇತ್ತೀಚೆಗೆ ಸಿಟಿ ಬಸ್ಸಿನಲ್ಲಿ ಬೆಳಗಿನ ಎಂಟೂವರೆಗೆ ಸ್ಟೇಟ್ ಬ್ಯಾಂಕ್ ಕಡೆಗೆ ಪ್ರಯಾಣ ಮಾಡಿದವರಂತೆ ಕಾಣಲಿಲ್ಲ. ಮಾಡಿದ್ದರೆ, ಕಂಡಕ್ಟರ್ ‘ದುಂಬು ಪೋಲೆ, ದುಂಬು ಪೋಲೆ’ (ಮುಂದೆ ಹೋಗಿ) ಎಂದು ತುಳುವಿನಲ್ಲಿ ಕೂಗಿ ಸೀಟಿ ಊದುತ್ತ ಎರಡೂ ಶಾಲೆಗಳ ಸಮವಸ್ತ್ರಗಳನ್ನು ಒಂದೇ ಕಂಬಿಗೆ ಒತ್ತುವ ರೀತಿಯನ್ನು ನೋಡುತ್ತಿದ್ದರು. ಕುಳಿತ ಹುಡುಗಿಯ ಮಡಿಲಲ್ಲಿ ನಿಂತ ಹುಡುಗನ ಬ್ಯಾಗು, ಅದರ ಮೇಲೆ ಇನ್ನೊಬ್ಬನ ಊಟದ ಬುತ್ತಿ, ಅದರ ಮೇಲೆ ಮೂರನೆಯವನ ನೆನೆದ ಕೊಡೆ. ಅರ್ಧ ಗಂಟೆ ಹೀಗೆ ಬಂದ ಮಕ್ಕಳು ಒಂದೇ ನಿಲ್ದಾಣದಲ್ಲಿ ಇಳಿದು, ಪರಸ್ಪರ ಮುಖಪರಿಚಯವೇ ಇಲ್ಲದವರಂತೆ ಎರಡು ಗೇಟುಗಳೊಳಗೆ ಹೋಗುತ್ತಾರೆ. ಸಂಜೆ ಟ್ಯೂಶನ್‌ನಲ್ಲಿ ಮತ್ತೆ ಒಂದೇ ಬೆಂಚು. ಹತ್ತು ಮುಗಿದ ಮೇಲೆ ಪಿಯುಸಿಗೆ ಸೇರಿಸುವಾಗ ಇದೇ ಹೆತ್ತವರು ಕಾಲೇಜಿನ ಬೋರ್ಡಿನಲ್ಲಿ ಹುಡುಕುವುದು ನೀಟ್ ಮತ್ತು ಸಿಇಟಿ ರ‍್ಯಾಂಕುಗಳನ್ನು ಮಾತ್ರ. ಹೀಗಾಗಿ ನೈತಿಕ ಅಪಾಯವಿರುವುದು ಬೆಳಗಿನ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯ ಒಳಗೆ ಎಂದಷ್ಟೇ ತಿಳಿಯಬೇಕು.

ಒಟ್ಟು ಸೇರಿಸುವುದೇ ಆದರೆ ಹೇಗೆ ಬೇರೆಯಾಗಿಡುವುದು ಎಂಬ ವಿಷಯಕ್ಕೆ ಆಮೇಲೆ ಸಭೆ ಇಳಿಯಿತು. ಈ ಚರ್ಚೆಯಲ್ಲಿ ವಿಲೀನದ ಪರ ಇದ್ದವರೂ ವಿರೋಧ ಇದ್ದವರೂ ಸಮಾನ ಉತ್ಸಾಹದಿಂದ ಭಾಗವಹಿಸಿದರು. ಮೂಡಣ ಮೆಟ್ಟಿಲು ಹುಡುಗಿಯರಿಗೆ, ಪಡುವಣ ಮೆಟ್ಟಿಲು ಹುಡುಗರಿಗೆ ಎಂಬುದು ಬೇಗನೆ ತೀರ್ಮಾನವಾಯಿತು. ಮಹಡಿಯ ಜಗಲಿಯ ನಡುವೆ ಉದ್ದಕ್ಕೂ ಒಂದು ಹಳದಿ ಗೆರೆ ಎಳೆಯಬೇಕೆಂಬ ಸಲಹೆ ಬಂದಾಗ, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರು ಎದ್ದು, ಗೆರೆ ಇಡೀ ಗೆರೆಯೋ ತುಂಡು ಗೆರೆಯೋ ಎಂದು ಕೇಳಿದರು. ಇಡೀ ಗೆರೆಯಾದರೆ ದಾಟುವಂತಿಲ್ಲ, ತುಂಡು ಗೆರೆಯಾದರೆ ಎದುರಿನಿಂದ ಯಾರೂ ಬಾರದಿರುವಾಗ ಜಾಗ್ರತೆಯಿಂದ ದಾಟಬಹುದು ಎಂದು ಅವರು ಹೆದ್ದಾರಿಯ ನಿಯಮವನ್ನು ವಿವರಿಸಿದರು. ವಿಜ್ಞಾನದ ಪ್ರಯೋಗಾಲಯ ಹುಡುಗರ ಬದಿಯಲ್ಲಿಯೂ ಗ್ರಂಥಾಲಯ ಹುಡುಗಿಯರ ಬದಿಯಲ್ಲಿಯೂ ಬರುವುದರಿಂದ ಅವೆರಡರ ಎದುರು ಮಾತ್ರ ತುಂಡು ಗೆರೆ, ಉಳಿದೆಡೆ ಇಡೀ ಗೆರೆ ಎಂದು ಇಪ್ಪತ್ತೈದು ನಿಮಿಷಗಳ ಬಳಿಕ ಒಮ್ಮತಕ್ಕೆ ಬರಲಾಯಿತು. ಗೆರೆಯ ಅಗಲವನ್ನು ಉಪಸಮಿತಿಗೆ ಬಿಡಲಾಯಿತು.

ಅಷ್ಟರಲ್ಲಿ ಗೋಳಿಬಜೆ ಬಂತು. ಗೋಳಿಬಜೆ ತಣ್ಣಗಾಗುವ ಮೊದಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು, ವಿಲೀನದ ಬಳಿಕ ಎಲ್ಲ ತರಗತಿಗಳೂ ಹುಡುಗರ ಕಟ್ಟಡದಲ್ಲಿಯೇ ನಡೆಯುವುದಾದರೆ ಅಲ್ಲಿ ಹುಡುಗಿಯರಿಗೆ ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿಯೇ ಬಂದಿದೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಅದರ ಅನುಸೂಚಿಯಲ್ಲಿ ಬರೆದಿದೆ. ಮೂರು ಗಂಟೆಗಳ ಸಭೆಯಲ್ಲಿ ಹುಡುಗ ಹುಡುಗಿಯರಿಗೆ ಪ್ರತ್ಯೇಕವಾಗಿ ಇರಲೇಬೇಕೆಂದು ಕಾನೂನು ಹೇಳುವ ಒಂದೇ ಒಂದು ವಸ್ತುವಿನ ಪ್ರಸ್ತಾಪ ಬಂದದ್ದು ಆಗ. ನಾನು ಗಡಿಯಾರ ನೋಡಿಕೊಂಡಿದ್ದೆ. ಚರ್ಚೆ ನಾಲ್ಕು ನಿಮಿಷ ನಡೆಯಿತು. ‘ಅದನ್ನು ಆಮೇಲೆ ನೋಡುವ ಬಾಯಮ್ಮ, ಸದ್ಯಕ್ಕೆ ಹಳೆ ಶಾಲೆಯದ್ದನ್ನೇ ಉಪಯೋಗಿಸಲಿ’ ಎಂದು ಖಜಾಂಚಿಗಳು ಹೇಳಿದರು. ಹಳೆ ಶಾಲೆ ಗೋಡೆಯ ಆಚೆಗಿದೆಯಲ್ಲ ಎಂದು ಆಕೆ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಿಲ್ಲ.

ಫಲಿತಾಂಶದ ವಿಚಾರ ಎದ್ದಾಗ ಮಾತ್ರ ಕೆಲವರ ನಿಜವಾದ ನಿಲುವು ಹೊರಬಿತ್ತು. ನಮ್ಮ ಜಿಲ್ಲೆಗೂ ಉಡುಪಿಗೂ ಎಸ್ಸೆಸ್ಸೆಲ್ಸಿ ಎಂದರೆ ಕಂಬಳವಿದ್ದ ಹಾಗೆ: 2024ರಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲು, 2025ರಲ್ಲಿ ನಾವು ಶೇ. 91.12ರೊಂದಿಗೆ ಮೊದಲು, ಉಡುಪಿ ಎರಡನೆಯದು. ಅದೇ 2025ರಲ್ಲಿ ರಾಜ್ಯದಾದ್ಯಂತ ಹುಡುಗಿಯರಲ್ಲಿ ಶೇ. 74 ಮಂದಿ ಪಾಸಾದರೆ ಹುಡುಗರಲ್ಲಿ ಪಾಸಾದವರು ಶೇ. 58.07. ಈ ಅಂಕಿಗಳನ್ನು ಇಟ್ಟುಕೊಂಡು ನೋಡಿದರೆ ಪಡು ಶಾಲೆಯವರಿಗೆ ಸಹಶಿಕ್ಷಣದ ಮೇಲೆ ಒಮ್ಮೆಲೇ ಉಕ್ಕಿದ ಪ್ರೀತಿಯೂ, ಮೂಡು ಶಾಲೆಯವರಿಗೆ ಪರಂಪರೆಯ ಮೇಲೆ ಒಮ್ಮೆಲೇ ಹುಟ್ಟಿದ ಭಕ್ತಿಯೂ ತಾನಾಗಿ ಅರ್ಥವಾಗುತ್ತದೆ. ‘ನಿಮ್ಮ ಹುಡುಗರನ್ನು ದಡ ಮುಟ್ಟಿಸಲು ನಮ್ಮ ಹುಡುಗಿಯರು ದೋಣಿಯಲ್ಲ’ ಎಂದು ಸಿಸ್ಟರ್ ಹೇಳಿದಾಗ ಚಪ್ಪಾಳೆ ಬಿದ್ದದ್ದು ಮೂಡುಬದಿಯ ಕುರ್ಚಿಗಳಿಂದ ಮಾತ್ರ. ಹೌದು, ಸಭಾಭವನದಲ್ಲಿಯೂ ಎರಡು ಬದಿಗಳಿದ್ದವು. ಹಾಗೆ ಕುಳಿತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ.

ಹೆಸರಿನ ಗೊಂದಲವನ್ನು ಚಿಕ್ಕದಾಗಿ ಹೇಳುತ್ತೇನೆ. ಪಡು ಶಾಲೆ ಒಬ್ಬ ಸಂತರ ಹೆಸರಿನದು, ಮೂಡು ಶಾಲೆ ಒಬ್ಬ ಸಂತೆಯ ಹೆಸರಿನದು. ಯಾರ ಹೆಸರು ಮೊದಲು ಎಂಬುದರ ಮೇಲೆ ಜಗಳ. ಎರಡನ್ನೂ ಸೇರಿಸಿದರೆ ರಬ್ಬರ್ ಸ್ಟಾಂಪಿನಲ್ಲಿ ಹಿಡಿಸುವುದಿಲ್ಲ ಎಂದು ಗುಮಾಸ್ತರು ಅಳತೆ ತೋರಿಸಿದರು. ಶಾಲೆಗೆ ಸರಕಾರ ಕೊಡುವ ಹನ್ನೊಂದು ಅಂಕಿಗಳ ಯುಡೈಸ್ ಸಂಖ್ಯೆಗಳಲ್ಲಿ ಯಾವುದನ್ನು ಉಳಿಸುವುದು ಎಂಬುದಕ್ಕೂ ಅದೇ ಜಗಳ. ಚರ್ಚಿನೊಳಗೆ ಆ ಸಂತರೂ ಸಂತೆಯೂ ಒಂದೇ ಪೀಠದ ಮೇಲೆ ಅಕ್ಕಪಕ್ಕದಲ್ಲಿ ನಿಂತು ಒಂದೇ ಮೇಣದಬತ್ತಿಯ ಹೊಗೆ ಕುಡಿಯುತ್ತಿದ್ದಾರೆ. ನಡುವೆ ಗೆರೆ ಎಳೆಯಿರೆಂದು ಈವರೆಗೆ ಅವರು ಕೇಳಿಲ್ಲ.

ಇನ್ನು ಗೋಡೆ. ಕೆಡವಬೇಕೆಂದು ಒಂದು ಪಕ್ಷ, ಅದು ನಮ್ಮ ಪರಂಪರೆ, ಮುಟ್ಟಬಾರದು ಎಂದು ಇನ್ನೊಂದು ಪಕ್ಷ. ಹಳೆ ವಿದ್ಯಾರ್ಥಿನಿಯರ ಸಂಘದ ಹಿರಿಯರೊಬ್ಬರು ಕಣ್ಣೀರು ತಂದುಕೊಂಡು, ಈ ಗೋಡೆಯೇ ನಮಗೆ ಶಿಸ್ತು ಕಲಿಸಿತು ಎಂದರು. ಅವರ ಮಾತಿನ ಮಧ್ಯದಲ್ಲಿ ಫೋನು ಬಡಿದುಕೊಂಡಿತು. ಆ ದಿನ ಕ್ರೀಡಾಕೂಟಕ್ಕೆ ಹೋದ ಮೊಮ್ಮಗಳನ್ನು ಸಿಬಿಎಸ್‌ಇ ಶಾಲೆಯ ಹಳದಿ ಬಸ್ಸು ಮನೆಯೆದುರು ಇಳಿಸಿದೆ, ಬೀಗದ ಕೈ ಎಲ್ಲಿ ಎಂದು ಕೇಳಲು ಮನೆಯವರು ಮಾಡಿದ ಕರೆ. ಆ ಶಾಲೆ ಇಂಗ್ಲಿಷ್ ಮಾಧ್ಯಮದ್ದು; ಎಲ್‌ಕೆಜಿಯಿಂದಲೇ ಸಹಶಿಕ್ಷಣ. ಸಭೆಯಲ್ಲಿ ಪರಂಪರೆಯ ಪರ ಮಾತನಾಡಿದವರನ್ನೂ ಪ್ರಗತಿಯ ಪರ ಮಾತನಾಡಿದವರನ್ನೂ ನಾನು ಒಬ್ಬೊಬ್ಬರಾಗಿ ಲೆಕ್ಕ ಹಾಕುತ್ತ ಹೋದೆ. ಈ ಎರಡು ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಸ್ವಂತ ಮಕ್ಕಳೋ ಮೊಮ್ಮಕ್ಕಳೋ ಕಲಿಯುತ್ತಿದ್ದದ್ದು ಶೌಚಾಲಯದ ಪ್ರಶ್ನೆ ಕೇಳಿದ ಆ ತಾಯಿಗೆ ಮತ್ತು ಚಹಾ ಹಂಚುತ್ತಿದ್ದ ಹುಡುಗನ ಅಪ್ಪನಿಗೆ ಮಾತ್ರ.

ಕೊನೆಗೆ ಕನ್ನಡ ಪಂಡಿತರು ಕೈ ಎತ್ತಿದರು. ಅನುದಾನಿತ ಹುದ್ದೆಯವರು ನಿವೃತ್ತರಾಗಿ ಜಾಗ ತುಂಬದೆ ಉಳಿದಾಗ ಆಡಳಿತ ಮಂಡಳಿಯವರು ತಮ್ಮ ಕೈಯಿಂದಲೇ ಸಂಬಳ ಕೊಟ್ಟು ನೇಮಿಸಿದವರು ಅವರು. ಬೆಳಗ್ಗೆ ಪಡುಬದಿಯಲ್ಲಿಯೂ ಮಧ್ಯಾಹ್ನ ಮೂಡುಬದಿಯಲ್ಲಿಯೂ ಪಾಠ ಮಾಡುತ್ತಾರೆ. ‘ಎರಡೂ ಕಡೆಯ ಹತ್ತನೆಯ ತರಗತಿಯನ್ನು ಸೇರಿಸಿದರೆ ಈಗ ಮೂರು ಬೆಂಚು ತುಂಬುತ್ತದೆ. ನಾಲ್ಕನೆಯದರಲ್ಲಿ ನಾನು ಕೂರಬಹುದು’ ಎಂದರು. ಅದು ವಿಷಯಸೂಚಿಯಲ್ಲಿ ಇಲ್ಲದ ಸಂಗತಿಯಾದ್ದರಿಂದ ಸಭೆ ಗೋಡೆಗೆ ಮರಳಿತು.

ಗೋಡೆಯನ್ನು ಉಳಿಸಿಕೊಂಡು ಅದರಲ್ಲಿ ಒಂದು ಬಾಗಿಲು ಇಡುವುದೆಂದೂ, ಬಾಗಿಲನ್ನು ಬಿಷಪರಿಂದ ಆಶೀರ್ವದಿಸಿ ಉದ್ಘಾಟಿಸುವುದೆಂದೂ ನಿರ್ಣಯವಾದದ್ದು ಮಧ್ಯಾಹ್ನ ಒಂದೂಮುಕ್ಕಾಲಿಗೆ. ಎಂಜಿನಿಯರರು ಜಾಗ ಗುರುತಿಸಲು ಹೊರಟರು. ನಾವು ಕೆಲವರು ಕೊಡೆ ಬಿಚ್ಚಿಕೊಂಡು ಅವರ ಹಿಂದೆ ಹೋದೆವು. ಗೋಡೆಯ ಬಡಗಣ ತುದಿಯಲ್ಲಿ, ನುಗ್ಗೆಮರದ ಮರೆಯಲ್ಲಿ, ತಗಡಿನದೊಂದು ಬಾಗಿಲು ಮೊದಲೇ ಇತ್ತು. ಮಕ್ಕಳ ಸಂಖ್ಯೆ ಇಳಿದ ಮೇಲೆ ಅಕ್ಷರ ದಾಸೋಹದ ಅಡುಗೆ ಎರಡೂ ಶಾಲೆಗಳಿಗೆ ಮೂಡುಬದಿಯಲ್ಲಿಯೇ ಆಗುತ್ತಿದ್ದು, ದಿನವೂ ಹನ್ನೆರಡೂವರೆಗೆ ಹುಡುಗರಿಬ್ಬರು ಈ ಬಾಗಿಲಿನಿಂದ ಆಚೆ ಹೋಗಿ, ಹುಡುಗಿಯರಿಬ್ಬರು ಎತ್ತಿಕೊಟ್ಟ ಅನ್ನದ ಬೋಗುಣಿಯನ್ನೂ ಸಾಂಬಾರಿನ ಪಾತ್ರೆಯನ್ನೂ ಹೊತ್ತು ತರುತ್ತಾರಂತೆ. ಎಷ್ಟು ಕಾಲದಿಂದ ಎಂದು ಕೇಳಿದ್ದಕ್ಕೆ ಅಡುಗೆಯ ಅಕ್ಕ, ‘ನಾನು ಬಂದಂದಿನಿಂದ’ ಎಂದರು.

ಉಪಸಮಿತಿ ಆ ವಾರವೇ ತುರ್ತು ಸಭೆ ಸೇರಿತು. ಅಧಿಕೃತ ಬಾಗಿಲಿನ ಉದ್ಘಾಟನೆಯಾಗಿ ಸಹಶಿಕ್ಷಣ ವಿಧ್ಯುಕ್ತವಾಗಿ ಆರಂಭವಾಗುವ ತನಕ ತಗಡಿನ ಬಾಗಿಲನ್ನು ಮುರಕಲ್ಲು ಕಟ್ಟಿ ಮುಚ್ಚಲಾಗಿದೆ. ಈಗ ಸಾಂಬಾರಿನ ಪಾತ್ರೆ ರಿಕ್ಷಾದಲ್ಲಿ ಮುಖ್ಯರಸ್ತೆಯನ್ನು ಸುತ್ತಿ ಬರುತ್ತಿದೆ, ಮತ್ತು ರಿಕ್ಷಾದ ಬಾಡಿಗೆಯನ್ನು ವಿಲೀನದ ಖರ್ಚಿನ ಲೆಕ್ಕಕ್ಕೆ ಬರೆಯಲಾಗುತ್ತಿದೆ.